ಅಳತೆಗೆ ಬಂದ ನೀರು

ಗುರುವಾರ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ನಾಗರತ್ನ ಬಚ್ಚಲ ಕಟ್ಟೆಯ ಮೇಲಿದ್ದ ಅಳತೆಯ ಜಗ್ಗನ್ನು ಕೈಗೆತ್ತಿಕೊಂಡಳು. ಜಗ್ಗು ತಣ್ಣಗಿತ್ತು.

ಮಾವ ಬಚ್ಚಲಿನಿಂದ ಹೊರಗೆ ಹೋಗಿ ಎರಡು ನಿಮಿಷವೂ ಆಗಿರಲಿಲ್ಲ. ಅವರ ಒದ್ದೆ ಹೆಜ್ಜೆಗಳು ಹಿತ್ತಲ ಚಪ್ಪಡಿಯ ಮೇಲೆ ಇನ್ನೂ ಆರಿರಲಿಲ್ಲ. ಮನುಷ್ಯನ ಮೈಯಿಂದ ಆಗತಾನೆ ಬಂದದ್ದು ಬೆಚ್ಚಗಿರಬೇಕು. ಇದು ರಾತ್ರಿಯೆಲ್ಲ ತೊಟ್ಟಿಯಲ್ಲಿ ನಿಂತ ನೀರಿನಷ್ಟು ತಣ್ಣಗಿತ್ತು. ಜಗ್ಗನ್ನು ಎಡಗೈಗೆ ದಾಟಿಸಿ ಮತ್ತೆ ನೋಡಿದಳು. ಅಲ್ಲೂ ತಣ್ಣಗೆ. ಒಳಗಿದ್ದದ್ದು ಮುನ್ನೂರರ ಗೆರೆಗೆ ಸರಿಯಾಗಿ ನಿಂತಿತ್ತು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯಿಲ್ಲ.

ಮೂರು ದಿನದಿಂದ ಅವಳು ಈ ಜಗ್ಗನ್ನು ಎತ್ತುತ್ತಿದ್ದಳು. ಪ್ರತಿಸಲವೂ ಹಿಡಿಯನ್ನಷ್ಟೇ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಓರೆಗಣ್ಣಿನಲ್ಲಿ ಗೆರೆ ನೋಡಿ, ಮೋರಿಗೆ ಸುರಿದು, ಜಗ್ಗು ತೊಳೆದಿಟ್ಟು, ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಇವತ್ತು ಕೈಯಲ್ಲಿ ಸೋಪಿತ್ತು, ಹಿಡಿ ಜಾರುತ್ತಿತ್ತು. ಹಾಗಾಗಿ ಜಗ್ಗಿನ ಹೊಟ್ಟೆಯನ್ನೇ ಕೈಯಲ್ಲಿ ಹಿಡಿದಿದ್ದಳು. ಕೈಯಲ್ಲಿ ಸೋಪಿಲ್ಲದಿದ್ದರೆ ಇವತ್ತೂ ಮುನ್ನೂರು ಎಂದು ಬರೆದು ರೊಟ್ಟಿ ತಟ್ಟಲು ಕೂರುತ್ತಿದ್ದಳು. ಆ ಯೋಚನೆ ಬಂದಾಗ ಬಚ್ಚಲ ಗೋಡೆಗೆ ಒರಗಿ ನಿಂತಳು.

ಸೋಮವಾರ ಚಾಮರಾಜನಗರದಲ್ಲಿ ಮಾವ ಚಿಕ್ಕಮಲ್ಲಪ್ಪನವರ ಹೊಟ್ಟೆಯ ಸ್ಕ್ಯಾನಿಂಗ್ ಆಗಿತ್ತು. ಎರಡು ತಿಂಗಳಿಂದ ಊಟ ಮಾಡಿದ ಮೇಲೆ ಹೊಟ್ಟೆ ಹಿಡಿದು ಕೂರುತ್ತಿದ್ದರು. ಗುಂಡ್ಲುಪೇಟೆಯ ಡಾಕ್ಟರು ರಕ್ತನಾಳಕ್ಕೆ ಡೈ ಹಾಕಿ ಮಾಡುವ ಸ್ಕ್ಯಾನಿಂಗ್ ಬರೆದುಕೊಟ್ಟಿದ್ದರು. ಸ್ಕ್ಯಾನಿಂಗಿನಲ್ಲಿ ಭಯಪಡುವಂಥದ್ದೇನೂ ಕಾಣಲಿಲ್ಲ. ಪಿತ್ತಕೋಶದಲ್ಲಿ ಕಲ್ಲು, ಅಷ್ಟೇ. ಎಲ್ಲರೂ ನಿರಾಳವಾಗಿ ಉಸಿರು ಬಿಟ್ಟರು. ಆದರೆ ಹೊರಡುವ ಮುಂಚೆ ಅಲ್ಲಿ ಕೆಲಸಕ್ಕಿದ್ದ ಹರವೆ ಕಡೆಯ ಹುಡುಗಿ ಪ್ರಿಯಾಂಕ ನಾಗರತ್ನಳನ್ನು ಪಕ್ಕಕ್ಕೆ ಕರೆದು, ಕೈಗೆ ಈ ಜಗ್ಗನ್ನೂ ಒಂದು ಚೀಟಿಯನ್ನೂ ಕೊಟ್ಟಿದ್ದಳು.

"ಅಕ್ಕ, ಈ ಡೈ ಕಿಡ್ನಿ ಮೂಲಕ ಆಚೆ ಹೋಗ್ಬೇಕು. ಎಲ್ಲಾರ್ಗೂ ಏನೂ ಆಗಲ್ಲ. ನಿಮ್ ಮಾವೋರ್ಗೆ ಸಕ್ಕರೆ ಅದ, ವಯಸ್ಸಾಗದ, ರಕ್ತದಲ್ಲಿ ಕ್ರಿಯಾಟಿನಿನ್ನು ಅಂತ ಕಿಡ್ನಿ ಲೆಕ್ಕ, ಒಂದ್ರ ಹತ್ರ ಇರ್ಬೇಕಾದ್ದು ಮೊದ್ಲೇ ಒಂದೂವರೆ ಹತ್ರ ಅದ. ಅದ್ಕೇ ಹೇಳ್ತಿರದು. ಕಿಡ್ನಿಗೆ ಪೆಟ್ಟು ಬಿದ್ರೆ ನೋವು ಬರಲ್ಲ, ಜ್ವರ ಬರಲ್ಲ. ಅದು ಕೂಗಲ್ಲ ಅಕ್ಕ. ಉಚ್ಚೆ ಕಮ್ಮಿ ಆಯ್ತದ, ಅಷ್ಟೇಯ. ಕೆಲವ್ರಿಗೆ ಅದೂ ಕಮ್ಮಿ ಆಗ್ದೆ ರಕ್ತದಲ್ಲಿ ಕ್ರಿಯಾಟಿನಿನ್ನು ಮಾತ್ರ ಏರ್ತದ. ಅದ್ಕೇ ದಿನಾ ಅಳತೆನೂ ಬರೀರಿ, ಬುಧವಾರ ಬಂದು ರಕ್ತನೂ ಕೊಡಿ. ಬೇಗ ಗೊತ್ತಾದ್ರೆ ಉಳಿಸ್ಕೋಬೋದು."

"ಎಷ್ಟಿರಬೇಕು?" ಎಂದು ನಾಗರತ್ನ ಕೇಳಿದ್ದಳು.

"ದಿನಕ್ಕೊಂದ್ ಲೀಟ್ರು ಮೇಲಿದ್ರೆ ಭಯ ಇಲ್ಲ. ನೀರು ಚೆನ್ನಾಗ್ ಕುಡುಸ್ರಿ. ಬಣ್ಣ ತೆಳ್ಳಗೆ ನೀರಂಗೆ ಬಂದ್ರೆ ಒಳ್ಳೇದು."

ನೀರಿನ ಹಾಗೆ ಬಂದರೆ ಒಳ್ಳೆಯದು. ಆ ಮಾತನ್ನು ನಾಗರತ್ನ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳು ಸಣ್ಣದಕ್ಕೂ ಎದೆ ಬಡಿದುಕೊಳ್ಳುವವಳು. ಗ್ಯಾಸಿನ ರೆಗ್ಯುಲೇಟರನ್ನು ರಾತ್ರಿ ಎರಡು ಸಲ ಮುಟ್ಟಿ ನೋಡುವವಳು. ಚಾಮರಾಜನಗರದಲ್ಲಿ ಬಿ.ಎ. ಓದುವಾಗ ಗೆಳತಿಯರು ಅವಳಿಗೆ ಪೊಲೀಸು ಎಂದೇ ಹೆಸರಿಟ್ಟಿದ್ದರು. ಅಂಥವಳು ಮೂರು ದಿನ ಜಗ್ಗಿನಲ್ಲಿ ನೀರಿನಂಥದ್ದನ್ನು ನೋಡಿ ಸಮಾಧಾನಪಟ್ಟುಕೊಂಡಿದ್ದಳು.

ತೆರಕಣಾಂಬಿಯ ಆ ಮನೆಗೆ ಅವಳು ಸೊಸೆಯಾಗಿ ಬಂದು ಹನ್ನೊಂದು ವರ್ಷ. ಅಷ್ಟು ವರ್ಷದಲ್ಲಿ ಮಾವ ಅವಳನ್ನು ನೇರವಾಗಿ ಮಾತಾಡಿಸಿದ್ದಿಲ್ಲ, ಹೆಸರು ಹಿಡಿದು ಕರೆದದ್ದಂತೂ ಇಲ್ಲವೇ ಇಲ್ಲ. ಸಿಟ್ಟಿನಿಂದಲ್ಲ. ಅವರ ಅಜ್ಜ ಅವರ ತಾಯಿಯ ಮುಂದೆ ನಡೆದುಕೊಂಡ ರೀತಿ ಅದು, ಅವರು ಸೊಸೆಯ ಮುಂದೆ ಉಳಿಸಿಕೊಂಡ ಮರ್ಯಾದೆ ಅದು. ಏನು ಬೇಕಾದರೂ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು. "ನೀರು ಕಾದಿದ್ರೆ ಸ್ನಾನ ಆಗ್ತಿತ್ತು" ಎನ್ನುವರು ಕಂಬದ ಕಡೆ ನೋಡಿ. ಅವಳೂ ಬಾಗಿಲ ಮರೆಯಿಂದ "ಕಾದಿದೆ" ಎನ್ನುವಳು. ಅತ್ತೆ ಗುರುಮಲ್ಲಮ್ಮ ಇದ್ದಾಗ ಇಬ್ಬರ ನಡುವೆ ಅವರೇ ಓಡಾಡುತ್ತಿದ್ದರು. ಅತ್ತೆ ಹೋಗಿ ನಾಲ್ಕು ವರ್ಷವಾಯಿತು. ಕಂಬ ಉಳಿಯಿತು.

ಗಂಡ ಮೃತ್ಯುಂಜಯ ತೆರಕಣಾಂಬಿ ಮಾರ್ಕೆಟ್ಟಿನಿಂದ ತರಕಾರಿ ತುಂಬಿಕೊಂಡು ಕೋಳಿಕ್ಕೋಡಿಗೆ ಸ್ವಂತ ಗಾಡಿ ಓಡಿಸುವವನು. ಸೋಮವಾರ ಸಂಜೆ ಹೊರಡುವ ಮುಂಚೆ ಅವನೇ ಅಪ್ಪನಿಗೆ ವಿಷಯ ತಿಳಿಸಿದ್ದ. "ಅಪ್ಪಾ, ಬಚ್ಚಲಲ್ಲಿ ಜಗ್ಗಿಟ್ಟಿರ್ತಾಳೆ. ಅದ್ರಲ್ಲೇ ಮಾಡಿ ಕಟ್ಟೆ ಮ್ಯಾಕ ಇಟ್ಬುಡು. ಮಿಕ್ಕಿದ್ದು ಅವಳು ನೋಡ್ಕತಾಳ." ಚಿಕ್ಕಮಲ್ಲಪ್ಪ ಮಗನ ಮುಖ ನೋಡಲಿಲ್ಲ, ಸೊಸೆಯ ಮುಖವಂತೂ ನೋಡಲೇ ಇಲ್ಲ. ಕೊರಳಿನ ಲಿಂಗದ ಕರಡಿಗೆಯನ್ನು ಬೆರಳಲ್ಲಿ ಹಿಡಿದುಕೊಂಡು ಜಗ್ಗನ್ನೇ ನೋಡುತ್ತಾ ಕೂತಿದ್ದರು.

ಅಳತೆ ಅವರಿಗೆ ಹೊಸದೇನಲ್ಲ. ಇಪ್ಪತ್ತೇಳು ವರ್ಷ ಊರಿನ ಹಾಲಿನ ಡೇರಿಯ ಕಾರ್ಯದರ್ಶಿಯಾಗಿದ್ದವರು. ಊರೆಲ್ಲ ಈಗಲೂ ಅವರನ್ನು ಕರೆಯುವುದು ಸೆಕ್ರೆಟ್ರಪ್ಪ ಎಂದೇ. ತಂದ ಹಾಲಿಗೆ ಗಾಜಿನ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಬಗ್ಗಿ ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು, ಡಿಗ್ರಿ ಎಷ್ಟೆಂದು ಕೂಗುವರು. ಒಳ್ಳೆಯ ಹಾಲಿನಲ್ಲಿ ಗಾಜು ತೇಲಿ ಇಪ್ಪತ್ತೆಂಟು ಮೂವತ್ತು ತೋರಿಸುತ್ತದೆ. ನೀರು ಬೆರೆಸಿದಷ್ಟೂ ಮುಳುಗುತ್ತದೆ. ಬರೀ ನೀರಾದರೆ ಸೊನ್ನೆಯವರೆಗೂ ಇಳಿದುಬಿಡುತ್ತದೆ. ನೀರು ಬೆರೆಸಿದವರ ಹಾಲನ್ನು ಅವರು ಎಲ್ಲರೆದುರು ವಾಪಸು ಕಳಿಸುತ್ತಿದ್ದರು. ಸ್ವಂತ ತಮ್ಮನದ್ದನ್ನೂ ಬಿಟ್ಟಿರಲಿಲ್ಲ. ನಿವೃತ್ತಿಯಾದಾಗ ಡೇರಿಯವರು ಆ ಹಳೆಯ ಲ್ಯಾಕ್ಟೋಮೀಟರನ್ನೂ ಅದರ ಉದ್ದನೆಯ ತಗಡಿನ ಕೊಳವೆಯನ್ನೂ ಅವರಿಗೇ ಕೊಟ್ಟಿದ್ದರು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಪೂಜೆಯ ಗೂಡಿನ ಪಕ್ಕದ ಗೂಡಿನಲ್ಲಿ ವಿಭೂತಿ ಗಟ್ಟಿಯ ಜೊತೆ ಇಟ್ಟಿದ್ದರು. ಅವರಲ್ಲದೆ ಯಾರೂ ಮುಟ್ಟುತ್ತಿರಲಿಲ್ಲ.

ಮಂಗಳವಾರ ಸಂಜೆ ಪಕ್ಕದ ಬೀದಿಯ ಮೂಗಯ್ಯ ಎಂದಿನಂತೆ ಜಗಲಿಗೆ ಬಂದು ಕೂತಿದ್ದ. ಬಾಡಿಗೆಗೆ ಓಮ್ನಿ ಓಡಿಸುವವನು. ಮೊದಲು ಎಮ್ಮೆ ಸಾಕಿದ್ದವನು.

"ಏನ್ ಸೆಕ್ರೆಟ್ರಪ್ಪ, ಈಗ ನಿಮ್ದೂ ಡೇರಿ ಲೆಕ್ಕ ಆಗೋಯ್ತಂತಲ್ಲ! ಬೆಳಗ್ಗೆ ಎಷ್ಟು, ಸಂಜೆ ಎಷ್ಟು ಅಂತ? ಫ್ಯಾಟ್ ಎಷ್ಟು ಬಂತು?"

ಒಳಗೆ ಸೊಪ್ಪು ಬಿಡಿಸುತ್ತಿದ್ದ ನಾಗರತ್ನಳಿಗೆ ನಗು ತಡೆಯಲಾಗಲಿಲ್ಲ.

"ನಗಬೇಡ ಕಣವ್ವ," ಎಂದು ಮೂಗಯ್ಯ ಒಳಗೆ ಕೇಳುವಂತೆ ಕೂಗಿದ. "ಒಂದ್ಸಲ ನನ್ ಹಾಲ್ಗೆ ಗಾಜು ಬುಟ್ಟು ಊರ್ ಮುಂದೆ ನನ್ ಮಾನ ಕಳದವ್ರು ನಿಮ್ ಮಾವ. ಒಂದ್ ಚೊಂಬು ನೀರು ಕಣ್ರೀ, ಒಂದೇ ಚೊಂಬು!"

"ಒಂದ್ ಚೊಂಬಾ?" ಎಂದರು ಚಿಕ್ಕಮಲ್ಲಪ್ಪ. "ಇಪ್ಪತ್ತು ತೋರಿಸ್ತಿತ್ತು ಕಣ್ಲಾ. ಎಮ್ಮೇನ ಕೆರೆ ಒಳಗೆ ನಿಲ್ಸಿ ಕರೆದಿದ್ದಾ?"

ಇಬ್ಬರೂ ನಕ್ಕಿದ್ದರು. ಆಮೇಲೆ ಮಾವ ಇದ್ದಕ್ಕಿದ್ದಂತೆ ಸುಮ್ಮನಾಗಿದ್ದರು. ಆ ಸುಮ್ಮನಾದದ್ದನ್ನೂ ನಾಗರತ್ನ ಗಮನಿಸಿದ್ದಳು, ಸುಸ್ತಿರಬೇಕು ಅಂದುಕೊಂಡಿದ್ದಳು. ಅವತ್ತಿನ ಅಳತೆ ಸಾವಿರದ ನಾನೂರು.

ಬುಧವಾರ ರಕ್ತ ಕೊಡಲು ಹೋಗಬೇಕಿತ್ತು. ಬೆಳಿಗ್ಗೆಯೇ ಮಾವ ಕಂಬಕ್ಕೆ ಹೇಳಿದ್ದರು: "ಇವತ್ತು ಅಮಾಸೆ. ಮಾದಪ್ಪನ್ ಬೆಟ್ಟಕ್ಕೋಗೋರು ಬಸ್ಸಲ್ಲಿ ಬಾಗ್ಲಲ್ಲೆಲ್ಲ ನೇತಾಡ್ತಿರ್ತಾರ. ಅಳತೆ ಚೆಂದಾಗೇ ಅದ. ಇನ್ಯಾಕ ರಕ್ತ?"

ನಾಗರತ್ನ ಗಂಡನಿಗೆ ಫೋನು ಮಾಡಿದಳು. ಅವನ ಹಿಂದೆ ಮಲಯಾಳಂ ಕೂಗಾಟ, ಲಾರಿ ಹಾರನ್ನು.

"ಲೀಟ್ರು ಮೇಲೇ ಅದ ಅಂತ ನೀನೇ ಬರ್ದಿದ್ದೀಯಲ್ಲ?"

"ಬರ್ದಿದ್ದೀನಿ. ಆದ್ರೂ ಎರಡೂ ಬೇಕು ಅಂದಿದ್ರು."

"ನೀನೊಬ್ಬಳು, ಬೆಳಗಾದ್ರೆ ಏನಾರ ಒಂದು. ಶುಕ್ರವಾರ ಬತ್ತೀನಲ್ಲ, ನಾನೇ ಗಾಡೀಲಿ ಕರ್ಕೊಂಡೋಯ್ತೀನಿ ಬುಡು."

ಅವಳು ಪುಸ್ತಕ ತೆರೆದು ತನ್ನದೇ ಅಕ್ಷರ ನೋಡಿದಳು. ಮುನ್ನೂರು, ಇನ್ನೂರೈವತ್ತು, ಮುನ್ನೂರು, ಮುನ್ನೂರು. ತನ್ನ ಕೈಬರಹವನ್ನು ತಾನೇ ನಂಬದಿದ್ದರೆ ಇನ್ಯಾರನ್ನು ನಂಬುವುದು ಎನಿಸಿತು. ಬಿಟ್ಟಳು.

ಈಗ, ಗುರುವಾರ, ತಣ್ಣನೆಯ ಜಗ್ಗು ಹಿಡಿದು ನಿಂತಾಗ ಆ ಅಂಕಿಗಳು ಬೇರೆಯೇ ಕಂಡವು. ಎಲ್ಲವೂ ಗೆರೆಗೆ ಸರಿಯಾಗಿ. ಮುನ್ನೂರ ಹತ್ತಿಲ್ಲ, ಇನ್ನೂರ ಎಪ್ಪತ್ತಿಲ್ಲ. ಮೈಗೆ ಗೆರೆ ನೋಡಿ ನಿಲ್ಲಿಸುವುದು ಗೊತ್ತೇ? ನಿನ್ನೆ ರಾತ್ರಿ ಮಾವ ಅರ್ಧ ಮುದ್ದೆ ಬಿಟ್ಟು ಎದ್ದದ್ದು, ಬೆಳಿಗ್ಗೆ ಚಪ್ಪಲಿ ಬಿಟ್ಟಾಗ ಪಾದದ ಮೇಲೆ ಪಟ್ಟಿಯ ಗುರುತು ಕಾಲುವೆಯಂತೆ ಉಳಿದದ್ದು, ಕಣ್ಣ ಕೆಳಗಿನ ಊತ, ಎಲ್ಲವೂ ಒಂದರ ಹಿಂದೆ ಒಂದು ಬಂದು ನಿಂತವು. ಅವಳು ಎಲ್ಲವನ್ನೂ ನೋಡಿದ್ದಳು. ನೋಡಿ, ಪುಸ್ತಕದ ಅಂಕಿಯನ್ನು ನಂಬಿದ್ದಳು.

ಸಂಶಯದ ಮೇಲೆ ಮಾವನ ಮುಂದೆ ನಿಲ್ಲುವಂತಿರಲಿಲ್ಲ. ಸುಳ್ಳಾದರೆ ಆ ಮನೆಯಲ್ಲಿ ಅವಳಿಗೆ ಮುಖವಿರದು. ಖಾತ್ರಿಯಾಗಬೇಕಿತ್ತು. ಮಾವ ಪೂಜೆಗೆ ಕೂತಿದ್ದರು. ಅವರ ಕಣ್ಣು ಅಂಗೈಯಲ್ಲಿದ್ದ ಲಿಂಗದ ಮೇಲಿತ್ತು. ಅವಳು ಗೂಡಿಗೆ ಕೈಹಾಕಿ ಬಿಳಿ ಬಟ್ಟೆಯ ಗಂಟನ್ನೂ ತಗಡಿನ ಕೊಳವೆಯನ್ನೂ ತೆಗೆದುಕೊಂಡಳು. ಹಾಲಿಗಲ್ಲದೆ ಇನ್ಯಾವುದಕ್ಕೂ ಇಳಿಯದ ಗಾಜು ಅದು. ಈ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪಚಾರ ಇನ್ನೊಂದು ಅವಳಿಗೆ ಹೊಳೆಯಲಿಲ್ಲ. ಆದರೂ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ಮೊದಲು ಕೊಳವೆಗೆ ತೊಟ್ಟಿಯ ನೀರು ತುಂಬಿ ಗಾಜು ಬಿಟ್ಟಳು. ಸೊನ್ನೆಯವರೆಗೂ ಮುಳುಗಿತು. ಆಮೇಲೆ ತನ್ನದನ್ನೇ ಹಿಡಿದು ನೋಡಿದಳು, ನಾಚಿಕೆಪಡಲು ಹೊತ್ತಿರಲಿಲ್ಲ. ಗಾಜು ಮೇಲಕ್ಕೆ ತೇಲಿ ಹದಿನಾರು ತೋರಿಸಿತು. ಕೊಳವೆಯನ್ನು ಮೂರು ಸಲ ತೊಳೆದು, ಕೊನೆಗೆ ಮಾವನ ಜಗ್ಗಿನದನ್ನು ಸುರಿದಳು.

ಗಾಜು ಇಳಿಯಿತು. ಇಳಿಯುತ್ತಲೇ ಹೋಯಿತು. ಒಂದರ ಗೆರೆಗೆ ಬಂದು ನಿಂತಿತು.

"ಮಾವ, ನೀವು ನೀರು ಹಾಕ್ತಿದ್ದೀರಾ?" ಬಚ್ಚಲೊಳಗೇ ಆ ಮಾತನ್ನು ಪಿಸುಗುಟ್ಟಿ ನೋಡಿದಳು. ಆಗಲಿಲ್ಲ. "ಅಳತೆ ಸರಿಯಿಲ್ಲ ಮಾವ" ಎಂದು ನೋಡಿದಳು. ಅದೂ ಸುಳ್ಳುಗಾರ ಎಂದಂತೆಯೇ ಕೇಳಿಸಿತು. ಯಾವ ಮಾತನ್ನು ಹೇಗೆ ತಿರುಗಿಸಿದರೂ ಅದರ ತುದಿ ಚುಚ್ಚುವಂತೆಯೇ ಇತ್ತು. ಕೊನೆಗೆ ಮಾತು ಬಿಟ್ಟಳು. ಗಾಜು ಒಳಗಿದ್ದಂತೆಯೇ ಆ ಕೊಳವೆಯನ್ನು ತಂದು ಮಾವನ ಕೋಣೆಯ ಹೊಸ್ತಿಲ ಹೊರಗೆ ಇಟ್ಟು, ಕಂಬದ ಪಕ್ಕ ನಿಂತಳು. ಬಾಗಿಲ ಮರೆಗೆ ಹೋಗಲಿಲ್ಲ.

ಚಿಕ್ಕಮಲ್ಲಪ್ಪ ವಿಭೂತಿ ಧರಿಸಿ ಹೊರಬಂದವರು ಹೊಸ್ತಿಲಲ್ಲೇ ನಿಂತರು. ತಮ್ಮ ಗಾಜನ್ನು ನೋಡಿದರು. ಕೈ ಬಾಗಿಲ ಚೌಕಟ್ಟನ್ನು ಹುಡುಕಿ ಹಿಡಿಯಿತು. ಆಮೇಲೆ, ಇಪ್ಪತ್ತೇಳು ವರ್ಷದ ಅಭ್ಯಾಸ ಬಲವೋ ಏನೋ, ಬೇಡ ಬೇಡವೆಂದರೂ ಅವರ ಬೆನ್ನು ಬಗ್ಗಿತು. ಕುಕ್ಕರಗಾಲಲ್ಲಿ ಕೂತು, ಕಣ್ಣನ್ನು ಕೊಳವೆಯ ಬಾಯಿಯ ಮಟ್ಟಕ್ಕೆ ತಂದರು.

"ಒಂದು ಡಿಗ್ರಿ," ಎಂದರು. "ನೀರು."

"ನಿಜವಾಗ್ಲೂ ಎಷ್ಟು ಬಂತು ಮಾವ?"

ಅವರು ಕಂಬದ ಕಡೆ ತಿರುಗಿದರು. ಕಂಬದ ಪಕ್ಕ ಅವಳಿದ್ದಳು. ಮಾತು ಯಾರಿಗೆ ಹೋಯಿತೆಂದು ಹೇಳುವಂತಿರಲಿಲ್ಲ.

"ಮೊದಲನೇ ದಿನ ಅಳತೆ ನಿಜ ಕಣವ್ವ. ಬಂದದ್ದನ್ನ ಅಳೆದು ಮೋರಿಗೆ ಚೆಲ್ಬುಟ್ಟು, ಅಷ್ಟೇ ನೀರ್ ತುಂಬುಸ್ತಿದ್ದೆ. ಬಣ್ಣಕ್ಕೆ ಒಂಚೂರು ಉಳಿಸ್ಕತಿದ್ದೆ. ಮನೆ ಸೊಸೆ ಕೈಲಿ ನನ್ ಉಚ್ಚೆ ಎತ್ತುಸ್ತೀನಾ? ನಿಂಗ್ ಬೇಕಾಗಿದ್ದು ಲೆಕ್ಕ ತಾನೆ, ಲೆಕ್ಕ ಕೊಟ್ಟೆ. ನೀರೆತ್ತಿದ್ರೆ ಪಾಪ ಇಲ್ಲ ಅಂತ." ಉಸಿರು ಎಳೆದುಕೊಂಡರು. "ಮಂಗಳವಾರ ಮಧ್ಯಾಹ್ನದಿಂದ ಕಮ್ಮಿ ಆಯ್ತು. ಕಮ್ಮಿ ತುಂಬುಸಿದ್ರೆ ನೀನು ಗಾಬರಿ ಬಿದ್ದು ನಾಕ್ ಜನಕ್ಕೆ ಫೋನ್ ಮಾಡ್ತೀಯ. ನಾಳೆ ಸರಿಯಾಯ್ತದ, ನಾಳೆ ಸರಿಯಾಯ್ತದ ಅಂದ್ಕಂಡು..."

"ಈಗ ಎಷ್ಟು ಬರ್ತಿದೆ?"

"ನಿನ್ನೆಯಿಂದ ಒಂದ್ ಲೋಟ ಆಗಿದ್ರೆ ಹೆಚ್ಚು. ಇವತ್ತು ಕೂಸುಗೆ ಹಾಲು ಕುಡ್ಸೊ ಒಳಲೆ ಅದಲ್ಲ, ಅಷ್ಟು."

ನಾಗರತ್ನ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮುಖ ತಿರುಗಿಸಿಕೊಂಡು ಜಗ್ಗು ಎತ್ತಿದವಳು ತಾನೇ. ಒಂದು ಸಲ ಮೂಗಿನ ಹತ್ತಿರ ತಂದಿದ್ದರೆ, ಒಂದು ಸಲ ನೆಟ್ಟಗೆ ನೋಡಿದ್ದರೆ ಮಂಗಳವಾರವೇ ಗೊತ್ತಾಗುತ್ತಿತ್ತು. ಅವರು ಮರ್ಯಾದೆಗೆಂದು ನೀರು ತುಂಬಿದರು, ಅವಳು ಮರ್ಯಾದೆಗೆಂದು ಕಣ್ಣು ತಿರುಗಿಸಿದಳು. ನಡುವೆ ಎರಡು ದಿನ ಮೋರಿಗೆ ಹೋಯಿತು.

ಹತ್ತು ನಿಮಿಷದಲ್ಲಿ ಮೂಗಯ್ಯನ ಓಮ್ನಿ ಬಾಗಿಲಿಗೆ ಬಂತು. ಚಿಕ್ಕಮಲ್ಲಪ್ಪ ಹತ್ತುವಾಗ ಮೆಟ್ಟಿಲಿಗೆ ಕಾಲೆತ್ತಲಾರದೆ ನಿಂತರು. ಮೂಗಯ್ಯ ತೋಳು ಹಿಡಿದುಕೊಂಡ.

"ಏನಾಯ್ತು ಸೆಕ್ರೆಟ್ರಪ್ಪ?"

"ನಿನ್ ಕೆಲ್ಸ ನಾನ್ ಮಾಡ್ಬುಟ್ಟೆ ಕಣ್ಲಾ ಮೂಗ. ನೀರಾಕ್ಬುಟ್ಟೆ."

ಮೂಗಯ್ಯನಿಗೆ ಅರ್ಥವಾಗಲಿಲ್ಲ. ನಾಗರತ್ನ ಎರಡು ಮಾತಿನಲ್ಲಿ ಹೇಳಿದಳು. ಅವನು ನಗಲಿಲ್ಲ, ಗೇರು ಹಾಕಿದ. ಮಾವ ಎರಡು ಸಲ ವಾಂತಿ ಬಂದಂತಾಗಿ ಕಿಟಕಿಯ ಕಡೆ ಬಗ್ಗಿದರು. ನಾಗರತ್ನ ಗಂಡನಿಗೆ ಫೋನು ಹಚ್ಚುತ್ತಲೇ ಇದ್ದಳು. ಕೋಳಿಕ್ಕೋಡಿನ ಮಾರ್ಕೆಟ್ಟಿನಲ್ಲಿ ಅದು ಬಡಿದುಕೊಂಡು ನಿಲ್ಲುತ್ತಿತ್ತು. ಒಂದೊಂದು ಮೈಲಿಗಲ್ಲು ಬಂದಾಗಲೂ ಅವಳು ಮಾವನ ಕಾಲನ್ನು ನೋಡುವಳು. ಪಟ್ಟಿಯ ಗುರುತು ಇನ್ನೂ ಆಳವಾಗಿತ್ತು.

ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದು ಎರಡು ಗಂಟೆಗೆ ಲೆಕ್ಕ ಬಂತು. ಕ್ರಿಯಾಟಿನಿನ್ನು ಐದು ಪಾಯಿಂಟ್ ಎರಡು. ಪೊಟ್ಯಾಸಿಯಂ ಆರು ದಾಟಿತ್ತು. ಡಾಕ್ಟರು ಶಿವರಂಜಿನಿ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತಿನಲ್ಲಿ ಗಡಸಿಲ್ಲ, ಬೆಣ್ಣೆಯೂ ಇಲ್ಲ.

"ನಿನ್ನೆ ಬಂದಿದ್ದರೆ ಎರಡೂವರೆ, ಮೂರು ಇರುತ್ತಿತ್ತೇನೋ. ಆಗ ನಾವು ಬೇಗ ಹಿಡಿದೆವು ಅನ್ನಬಹುದಿತ್ತು. ಈಗ ಅದು ನಮ್ಮ ಮುಂದೆ ಓಡುತ್ತಿದೆ, ನಾವು ಹಿಂದೆ ಓಡಬೇಕು. ಪೊಟ್ಯಾಸಿಯಂ ಹೆಚ್ಚಾದರೆ ಹೃದಯ ನಿಲ್ಲುತ್ತೆ. ಮೊದಲು ಅದನ್ನು ಇಳಿಸ್ತೀವಿ. ನೀವು ಅಳತೆ ಬರೆದಿಟ್ಟಿದ್ದೀರಾ?"

ಪುಸ್ತಕ ನಾಗರತ್ನಳ ಮಡಿಲಲ್ಲೇ ಇತ್ತು. ಕೊಡಲು ಕೈ ಏಳಲಿಲ್ಲ. ಅಂದವಾದ ಅಕ್ಷರ, ಗೆರೆ ಹೊಡೆದ ಸಾಲು, ಒಂದು ಕಡೆಯೂ ಕಾಟು ಹೊಡೆದಿಲ್ಲ. ಕೊನೆಗೆ ಪೆನ್ನು ತೆಗೆದು ಮಂಗಳವಾರ ಮಧ್ಯಾಹ್ನದ ಕೆಳಗೆ ಉದ್ದಕ್ಕೆ ಗೆರೆ ಎಳೆದಳು.

"ಇಲ್ಲೀವರೆಗೆ ನಿಜ ಮೇಡಂ. ಇದರ ಕೆಳಗಿನದು ಯಾವುದೂ ನಿಜ ಅಲ್ಲ."

ಡಾಕ್ಟರು ಅವಳ ಮುಖವನ್ನು ನೋಡಿ, ಯಾಕೆಂದು ಕೇಳದೆ ಪುಸ್ತಕ ತೆಗೆದುಕೊಂಡರು.

ಮಾವನಿಗೆ ಮೂತ್ರಕ್ಕೆ ನಳಿಗೆ ಹಾಕಿದರು. ಹಾಸಿಗೆಯ ಪಕ್ಕದಲ್ಲಿ ನೇತಾಡುವ ಚೀಲ, ಅದರ ಮೇಲೆ ಗಂಟೆಗಂಟೆಯ ಅಳತೆಗೆ ಗೆರೆಗಳಿರುವ ಚಿಕ್ಕ ಪ್ಲಾಸ್ಟಿಕ್ ಡಬ್ಬಿ. ಮೊದಲ ಗಂಟೆ ಐದು ಎಂ.ಎಲ್. ಎರಡನೆಯ ಗಂಟೆ ನಾಲ್ಕು. ಮೂರನೆಯ ಗಂಟೆ ಏನೂ ಇಲ್ಲ. ನಳಿಗೆಯಲ್ಲಿ ಒಂದು ಹನಿ ಅಂಟಿಕೊಂಡು, ಬೀಳಲೋ ಬೇಡವೋ ಎಂಬಂತೆ ಇತ್ತು. ನಾಗರತ್ನ ಆ ಹನಿಯನ್ನೇ ನೋಡುತ್ತಾ ಕೂತಳು. ಮಾದಪ್ಪನನ್ನು ಕರೆದಳು. ಬೀಳು, ಬೀಳು ಎಂದು ಬೇಡಿಕೊಂಡಳು. ಯಾವ ಮೂರ್ತಿಯ ಮುಂದೆಯೂ ಅವಳು ಅಷ್ಟು ಗಟ್ಟಿಯಾಗಿ ಕೈಮುಗಿದಿರಲಿಲ್ಲ.

ಸಂಜೆ ಮೃತ್ಯುಂಜಯ ಫೋನಿಗೆ ಸಿಕ್ಕಿದ. ಅವನು ಹೊರಟು ಬರುವಷ್ಟರಲ್ಲಿ ಬಂಡೀಪುರದ ಕಾಡಿನ ಗೇಟು ರಾತ್ರಿಗೆ ಮುಚ್ಚಿಬಿಡುತ್ತಿತ್ತು. "ಬೆಳಗ್ಗೆ ಆರಕ್ಕೆ ತೆಗೀತಾರ. ಗೇಟ್ ಹತ್ರನೇ ಇದ್ದು ಆರಕ್ಕೇ ಹೊರಡ್ತೀನಿ. ಅಪ್ಪಂಗೆ ಹೇಳು," ಎಂದ. ಆಮೇಲೆ, "ಬುಧವಾರ ಬೇಡ ಅಂದಿದ್ದು ನಾನು," ಎಂದ. ಅವಳು ಆ ಗಂಟೆಯ ಅಳತೆಯನ್ನು ಓದಿ ಹೇಳಿದಳು.

ರೌಂಡ್ಸಿಗೆ ಬಂದಾಗ ಡಾಕ್ಟರು ಹೇಳಿಹೋದರು: "ಪೊಟ್ಯಾಸಿಯಂ ಇಳಿದು ಅಂಚಿಗೆ ಬಂದಿದೆ. ಬೆಳಿಗ್ಗೆ ಏಳರ ಅಳತೆ ನೋಡ್ತೀನಿ. ಗಂಟೆಗೆ ಹದಿನೈದಾದರೂ ಬಂದರೆ ಇನ್ನೊಂದು ದಿನ ಕಾಯೋಣ. ಕಮ್ಮಿಯಿದ್ದರೆ ಡಯಾಲಿಸಿಸ್. ಸಿಸ್ಟರ್ ಬರೀತಾರೆ, ನೀವೂ ಬರೀರಿ."

ಡಯಾಲಿಸಿಸ್ ಎಂಬ ಮಾತು ಚಿಕ್ಕಮಲ್ಲಪ್ಪನವರ ಕಿವಿಗೆ ಬಿತ್ತು. ಅವರು ಗೋಡೆಯ ಕಡೆ ತಿರುಗಿಕೊಂಡರು. ಡೇರಿಯ ಹಿಂದಿನ ಅಧ್ಯಕ್ಷ ಮುದ್ದಯ್ಯ ವಾರಕ್ಕೆ ಮೂರು ಸಲ ಅದಕ್ಕೆಂದು ಓಡಾಡಿ ಓಡಾಡಿ, ಎರಡು ವರ್ಷದಲ್ಲಿ ಕಡ್ಡಿಯಾಗಿ ಹೋಗಿದ್ದ. ಅವನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಎಲ್ಲರಿಗೂ ಹಾಗಾಗುವುದಿಲ್ಲ, ಕೆಲವರಿಗೆ ನಾಲ್ಕು ದಿನ ಸಾಕು, ಕಿಡ್ನಿ ಎದ್ದು ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾಗರತ್ನ ಅದನ್ನು ಗೋಡೆ ಕಡೆ ತಿರುಗಿದ ಬೆನ್ನಿಗೆ ಎರಡು ಸಲ ಹೇಳಿದಳು.

ಬೆಳಗಾಯಿತು. ಐದರ ಅಳತೆ ಏಳು. ಆರರದು ಹತ್ತು. ಏರುತ್ತಿದೆ. ಏರುತ್ತಿದೆ ಎಂದು ಯಾರಿಗಾದರೂ ಹೇಳಬೇಕೆನಿಸಿ ಅವಳು ಪಕ್ಕದ ಹಾಸಿಗೆಯವರಿಗೆ ಹೇಳಿದಳು. ಏಳಕ್ಕೆ ಐದು ನಿಮಿಷವಿರುವಾಗ ಫೋನು ಬಂತು. ಮೃತ್ಯುಂಜಯ ಕಾಡಿನೊಳಗೆ ಬರುತ್ತಿದ್ದ. ಏಳಕ್ಕೆ ಅವಳು ನೆಲಕ್ಕೆ ಮಂಡಿಯೂರಿ ಡಬ್ಬಿಯ ಗೆರೆ ನೋಡಿದಳು. ಅಂಚಿನಲ್ಲಿ ಮೇಲೆ ಹತ್ತಿದ ನೀರು ಹದಿನೈದರ ಗೆರೆಯನ್ನು ಮುಟ್ಟಿತ್ತು. ಮುಟ್ಟಿತ್ತು. ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಮುಟ್ಟಿತ್ತು.

"ಹದಿನೈದು ಮಾವ! ಹದಿನೈದಾಗಿದೆ."

ಮಾವ ನಿಧಾನಕ್ಕೆ ಈ ಕಡೆ ಮಗ್ಗುಲಾದರು. ಹಾಸಿಗೆಯ ಅಂಚಿಗೆ ಸರಿದು, ನರ್ಸಮ್ಮ ಬೇಡವೆಂದು ಕೂಗಿದರೂ ಕೇಳದೆ, ತಲೆಯನ್ನು ಕೆಳಕ್ಕೆ ಇಳಿಬಿಟ್ಟು ಕಣ್ಣನ್ನು ಡಬ್ಬಿಯ ಮಟ್ಟಕ್ಕೆ ತಂದರು. ಊದಿದ ರೆಪ್ಪೆಯ ನಡುವೆ ಕಣ್ಣು ಕಿರಿದಾಯಿತು.

"ಹನ್ನೆರಡು."

"ಇಲ್ಲ ಮಾವ, ನೋಡಿ, ಗೆರೆಗೆ ಮುಟ್ಟಿದೆ..."

"ಅದು ಡಬ್ಬಿ ಗೋಡೆ ಹಿಡ್ದು ಮ್ಯಾಕ ಹತ್ತಿರದು. ಹಾಲಾದ್ರೆ ಮೇಲ್ನಂಚು ನೋಡ್ಬೇಕು. ನೀರಂಥದ್ದಕ್ಕೆ ನಡುವೆ ತಗ್ಗು ಅದಲ್ಲ, ಅದ ನೋಡ್ಬೇಕು. ಹನ್ನೆರಡು."

"ಮೂರೇ ತಾನೆ ಮಾವ," ಎಂದಳು ನಾಗರತ್ನ. ತನ್ನ ಧ್ವನಿ ತನಗೇ ಬೇರೆ ಯಾರದೋ ಎನಿಸಿತು. ಪೆನ್ನಿನ ಮೊನೆ ಆಗಲೇ ಒಂದರ ಅಂಕಿ ಬರೆದು ಅದರ ಪಕ್ಕದಲ್ಲಿ ನಿಂತಿತ್ತು. ಐದು ಬರೆದರೆ ಯಾರು ನೋಡುತ್ತಾರೆ? ಒಂದು ದಿನ ಸಿಗುತ್ತದೆ. ಒಂದು ದಿನದಲ್ಲಿ ಏನು ಬೇಕಾದರೂ ಆಗಬಹುದು. ಏರುತ್ತಿದೆಯಲ್ಲ. "ಇನ್ನರ್ಧ ಗಂಟೇಲಿ ಆಗೋಗುತ್ತೆ. ಮೂರೇ."

"ಮೂಗಯ್ಯನೂ ಹಂಗೇ ಅಂತಿದ್ದ," ಎಂದರು ಚಿಕ್ಕಮಲ್ಲಪ್ಪ. "ಒಂದೇ ಚೊಂಬು ತಾನೆ ಅಂತ."

ಅವರು ಗೋಡೆ ನೋಡಲಿಲ್ಲ. ಆ ವಾರ್ಡಿನಲ್ಲಿ ಕಂಬವೂ ಇತ್ತು, ಅದನ್ನೂ ನೋಡಲಿಲ್ಲ. ಹಾಸಿಗೆಯಿಂದ ಇಳಿಬಿಟ್ಟ ತಲೆ ಅವಳ ಮುಖದ ಮಟ್ಟಕ್ಕೇ ಇತ್ತು. ಅವಳನ್ನೇ ನೋಡಿದರು. ಅವರ ತುಟಿ ನಡುಗುತ್ತಿತ್ತು. ಭಯಕ್ಕೆ ಎಂದು ಅವಳಿಗೆ ಗೊತ್ತಾಯಿತು. ಅವರಿಗೂ ಅಷ್ಟೇ ಭಯ.

"ಬರ್ಕೊ ನಾಗರತ್ನ. ಹನ್ನೆರಡು."

ಅವಳು ಒಂದರ ಪಕ್ಕ ಎರಡು ಬರೆದಳು. ಕಾರಿಡಾರಿನಲ್ಲಿ ಡಾಕ್ಟರ ಚಪ್ಪಲಿಯ ಸದ್ದು ಬಂತು, ಹತ್ತಿರವಾಯಿತು. ಡಾಕ್ಟರು ಸಿಸ್ಟರ ಹಾಳೆ ನೋಡಿದರು, ಅವಳ ಪುಸ್ತಕ ನೋಡಿದರು. ಎರಡರಲ್ಲೂ ಹನ್ನೆರಡಿತ್ತು.

"ಸರಿ. ಎಂಟಕ್ಕೆ ಡಯಾಲಿಸಿಸಿಗೆ ಒಳಗೆ ತಗೋತೀವಿ. ಸಹಿ ಮಾಡಬೇಕು," ಎಂದರು.

ನಾಗರತ್ನ ಏಳಲು ನೆಲಕ್ಕೆ ಕೈಯೂರಿದಳು. ಏಳುವ ಮುಂಚೆ, ಯಾಕೆಂದು ಅವಳಿಗೇ ತಿಳಿಯದೆ, ಆ ಚಿಕ್ಕ ಡಬ್ಬಿಯನ್ನು ಬರಿಗೈಯಲ್ಲಿ ಸುತ್ತಿ ಹಿಡಿದಳು. ಮುಖ ತಿರುಗಿಸಲಿಲ್ಲ. ಮೇಲಿನ ನಳಿಗೆಯಿಂದ ಇನ್ನೊಂದು ಹನಿ ಇಳಿಯಿತು.

ಡಬ್ಬಿಯ ತಳ ಬೆಚ್ಚಗಿತ್ತು.